ಎದುರಾಡದ ಹುಡುಗಿಯರು

ಫಸಲಿ ೧೩೫೨, ಅಮರ್ದಾದ್ ೨
ಲಿಂಗಸುಗೂರು

ಅಮರ್ದಾದ್ ತಿಂಗಳು ಹಿಡಿದ ಕೂಡಲೇ, ಮೃಗಶಿರಾ ಮಳೆಗಿಂತ ಮೊದಲು ಹೈದರಾಬಾದಿನ ಬೇಗಂ ಸಾಹೇಬರು ಬಂದಿಳಿದರು. ಹೆಸರು ಖೈರುನ್ನೀಸಾ ಬೇಗಂ. ಅಲ್ಲಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಲಿಸುತ್ತಾರೆ. ಯಾರೋ ಜಾಗೀರುದಾರರ ವಿಧವೆ ಸಾಯುವ ಮುಂದೆ ಒಂದು ನಿಧಿ ಇಟ್ಟು ಹೋಗಿದ್ದಾರಂತೆ. ಅದರಿಂದ ವರ್ಷಕ್ಕೆ ನಮ್ಮ ಕಡೆಯ ಒಬ್ಬ ಹುಡುಗಿಗೆ ಹೈದರಾಬಾದಿನಲ್ಲಿ ಊಟ, ವಸತಿ, ಓದು. ಮೊದಲು ಮೆಟ್ರಿಕ್, ಆಮೇಲೆ ಕಾಲೇಜು. ಒಬ್ಬಳೇ ಒಬ್ಬಳು. ಮಿಡಲ್ ಪಾಸಾದವರು ಲಿಂಗಸುಗೂರು, ಮಸ್ಕಿ, ಸಿಂಧನೂರು ಎಲ್ಲ ಸೇರಿ ಮೂವರಿದ್ದಾರೆ. ಆರಿಸುವವರು ಇಬ್ಬರು: ಅವರೊಬ್ಬರು, ಸ್ಥಳದವಳು ಒಬ್ಬಳಿರಲಿ ಎಂದು ನಾನೊಬ್ಬಳು. ಹುಡುಗಿಯರನ್ನು ಕಚೇರಿಗೆ ಕರೆಸಿದರೆ ಯಾವ ತಂದೆಯೂ ಕಳಿಸುವುದಿಲ್ಲ. ಆದ್ದರಿಂದ ನಾವೇ ಮನೆಮನೆಗೆ ಹೋಗಬೇಕು.

ಈ ತಿರುಗಾಟ ಯಾಕೆಂದು ನನಗೆ ತಿಳಿಯದು. ಸೀಟು ನನ್ನ ಯಂಕಮ್ಮನದು, ಅದರಲ್ಲಿ ಮಾತೇ ಇಲ್ಲ. ಮೂವರಲ್ಲಿ ಅವಳದೇ ಹೆಚ್ಚಿನ ಅಂಕ. ನಾಲ್ಕು ವರ್ಷ ನಾನೇ ಕಲಿಸಿದ್ದೇನೆ. ತಾಯಿಯಿಲ್ಲದ ಹುಡುಗಿ. ತಂದೆ ಬಸ್ಸಪ್ಪ ಮೋಟಾರು ನಿಲ್ಲುವಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ, ನೇರ ಮನುಷ್ಯ. ಮುದಗಲ್ಲಿನಲ್ಲಿ ಹೆಂಡತಿ ಸತ್ತ ಒಬ್ಬ ವರನನ್ನು ನೋಡಿಟ್ಟಿದ್ದಾರೆ. ಸೀಟು ಬಂದರೆ ಓದಲು ಕಳಿಸುತ್ತೇನೆ, ಬರದಿದ್ದರೆ ಆಷಾಢ ಹಿಡಿಯುವ ಮೊದಲು ಅಕ್ಕಿಕಾಳು ಹಾಕಿ ಮದುವೆ ಮುಗಿಸುತ್ತೇನೆ ಎಂದು ನನ್ನೆದುರಿಗೇ ಹೇಳಿದ್ದಾರೆ. ವರನಿಗೆ ಒಂದು ಮಗುವೂ ಇದೆಯಂತೆ. ಯಂಕಮ್ಮನಿಗೆ ಹದಿನಾಲ್ಕು. ನನಗೆ ಹದಿನೈದಕ್ಕೆ ಗಂಡ ತೀರಿಹೋದ. ಅಣ್ಣ ಪಂಪಣ್ಣ ಮನೆಯಲ್ಲಿ ಕೂಡಿಸಿ ಕಲಿಸದಿದ್ದರೆ ನಾನು ಈ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ಉಸ್ತಾನಿ ಆಗುತ್ತಲೂ ಇರಲಿಲ್ಲ, ಇದನ್ನು ಬರೆಯುತ್ತಲೂ ಇರಲಿಲ್ಲ. ಯಂಕಮ್ಮ ಹೋಗಲೇಬೇಕು.

ಬೇಗಂ ಸಾಹೇಬರು ನನಗೆ ಅಷ್ಟೇನೂ ಹಿಡಿಸಲಿಲ್ಲ. ಬುರ್ಖಾ ತೆಗೆದರೆ ಸಣ್ಣ ಆಳು, ದಪ್ಪ ಕನ್ನಡಕ. ರಾಯಚೂರಲ್ಲಿ ಬೆಳೆದವರಂತೆ, ಕನ್ನಡ ಬರುತ್ತದೆ. ಆದರೆ ಅಡಿಗೆಮನೆಯ ಆಳುಗಳ ಬಾಯಿಂದ ಕಲಿತ ಕನ್ನಡ. ಕಾಲೇಜಿನಲ್ಲಿ ಕಲಿಸುವವರು ನಮ್ಮ ಹುಡುಗಿಯರನ್ನು ‘ಬಾರಬೇ ಇಲ್ಲಿ’ ಎಂದು ಕರೆದರೆ ಏನನ್ನಬೇಕು? ತರಗತಿ ನೋಡಲು ಬಂದಿದ್ದರು. ನನ್ನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ಪಕ್ಕದ ಗಂಡುಮಕ್ಕಳ ಸಾಲಿಯ ರಾಜೇಸಾಬ್ ಮಾಸ್ತರರು, ನಿಮ್ಮಲ್ಲಿ ಹುಡುಗಿಯರು ಇದ್ದಾರೋ ಇಲ್ಲವೋ ಗೊತ್ತೇ ಆಗುವುದಿಲ್ಲ ಎಂದು ಎಷ್ಟೋ ಸಲ ಹೊಗಳಿದ್ದಾರೆ. ಬೇಗಂ ಸಾಹೇಬರು ಸುತ್ತ ನೋಡಿ, ಏನೂ ಅನ್ನದೆ ಹೋದರು.

ಅಮರ್ದಾದ್ ೩

ಬಸ್ಸಪ್ಪನವರ ಮನೆಗೆ ಹೋಗಿ ಬಂದೆವು. ಮನಸ್ಸು ಸರಿಯಿಲ್ಲ.

ಹೆಣ್ಣು ನೋಡಲು ಬಂದವರನ್ನು ಕೂರಿಸುವ ರೀತಿ ನಮ್ಮಲ್ಲಿ ಒಂದೇ. ಯಾತಕ್ಕೆ ನೋಡಲು ಬಂದರು ಎನ್ನುವುದು ಬದಲಾದರೂ ರೀತಿ ಬದಲಾಗದು. ಜಮಖಾನ ಹಾಸಿದ್ದರು. ಅವಲಕ್ಕಿ ಬಂತು, ಬಾಳೆಹಣ್ಣು ಬಂತು. ಯಂಕಮ್ಮನಿಗೆ ಅವರಮ್ಮನ ರೇಷ್ಮೆ ಸೀರೆ ಸುತ್ತಿ, ತಲೆತುಂಬ ಮಲ್ಲಿಗೆ ಮುಡಿಸಿ ಸೋದರತ್ತೆ ಕರೆತಂದಳು. ಬೇಕಾದರೆ ನಡೆದು ತೋರಿಸುತ್ತಾಳೆ, ಹಾಡು ಅನ್ನಿ ಹಾಡುತ್ತಾಳೆ ಎಂದಳು. ಹೊಲಿದ ಕುಪ್ಪಸ ತಂದು ಮುಂದೆ ಇಟ್ಟಳು. ಕಡೆಗೆ ಎಲ್ಲಕ್ಕೂ ಮೇಲಿನ ಗುಣ ಹೇಳಿದಳು:

“ನಮ್ಮ ಹುಡುಗಿ ಒಂದಿನ ಎದುರು ಮಾತಾಡಿಲ್ರಿ. ಬಾ ಅಂದ್ರ ಬಂದ್ಲು, ಕುಂದ್ರು ಅಂದ್ರ ಕುಂತ್ಲು.”

ಬೇಗಂ ಸಾಹೇಬರು ಅವಲಕ್ಕಿ ತಿಂದರು. ಎರಡನೆಯ ಸಲ ಹಾಕಿಸಿಕೊಂಡರು. ನಾನು ಯಂಕಮ್ಮನಿಗೆ ಲೆಕ್ಕ, ಭೂಗೋಳ, ಉರ್ದು ವ್ಯಾಕರಣ ಎಲ್ಲ ತಿದ್ದಿ ತಿದ್ದಿ ತಯಾರು ಮಾಡಿಸಿದ್ದೆ. ಅವರು ಪುಸ್ತಕದ ಒಂದು ಪ್ರಶ್ನೆಯನ್ನಾದರೂ ಕೇಳಬೇಕಲ್ಲ? ಇಲ್ಲ. ಬಿಸಿಲಿನ ಮಾತಾಡಿದರು, ಜೋಳದ ಮಾತಾಡಿದರು. ನಡುವೆ, “ನಿಮ್ಮ ಊರು ಬಾಳ ಚೆಂದ ಜಾಗಾದಾಗ ಐತಿ. ಉತ್ತರಕ್ಕ ತುಂಗಭದ್ರಾ, ದಕ್ಷಿಣಕ್ಕ ಕೃಷ್ಣಾ. ಅಲ್ಲೇನಬೇ?” ಎಂದರು.

ಎರಡೂ ತಿರುಗಾಮುರುಗಾ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಎಂದು ಮೂರನೆಯ ತರಗತಿಯ ಕೂಸಿಗೂ ಗೊತ್ತು. ದೊಡ್ಡವರು, ಪರಸ್ಥಳದವರು, ಪಾಪ, ಎಲ್ಲರ ಮುಂದೆ ಅವಮಾನ ಆಗಬಾರದೆಂದು ನಾನು ಸುಮ್ಮನೆ ತಲೆ ಆಡಿಸಿದೆ. ಯಂಕಮ್ಮನೂ “ಹೌದ್ರಿ” ಎಂದಳು. ನಮ್ಮ ಹುಡುಗಿಯ ಮರ್ಯಾದೆ ನೋಡಿ ಹೆಮ್ಮೆಯಾಯಿತು.

ಇಂಥವರು ಕಾಲೇಜಿನಲ್ಲಿ ಕಲಿಸುತ್ತಾರೆ. ನಾವು ಇಲ್ಲಿ ಧೂಳು ತಿನ್ನುತ್ತೇವೆ.

ಅಮರ್ದಾದ್ ೫
ಮಸ್ಕಿ

ಕಚೇರಿಯ ಕಮಾನು ಬಂಡಿ, ಜವಾನ ಜಂಗ್ಲಿಸಾಬ್ ಹೊಡೆಯುತ್ತಾನೆ. ಒಂದು ವಿಷಯ ಒಪ್ಪಬೇಕು: ಬೇಗಂ ಸಾಹೇಬರಿಗೆ ಜಂಬ ಇಲ್ಲ. ರೊಟ್ಟಿ, ಪುಂಡಿಪಲ್ಯ ಕೊಟ್ಟರೆ ಅದನ್ನೇ ಉಣ್ಣುತ್ತಾರೆ. ಎತ್ತು ದಣಿದರೆ ಇಳಿದು ನಡೆಯುತ್ತಾರೆ. ಯಂಕಮ್ಮ ಹೇಗನಿಸಿದಳು ಎಂದು ದಾರಿಯಲ್ಲಿ ಕೆದಕಿ ಕೆದಕಿ ಕೇಳಿದೆ. ಮೂರನೆಯವಳನ್ನು ನೋಡುವ ತನಕ ಮೊದಲನೆಯವಳ ಮಾತು ಆಡಬಾರದು, ಆಡಿದರೆ ಉಳಿದವರನ್ನು ಅವಳ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತೇವೆ, ಅವರಷ್ಟಕ್ಕೆ ಅವರನ್ನು ನೋಡುವುದಿಲ್ಲ ಎಂದರು.

ಇಲ್ಲಿನ ಹುಡುಗಿ ಹುಸೇನಮ್ಮ, ಬಳೆ ವ್ಯಾಪಾರದ ಲಾಲ್‌ಸಾಬನ ಮಗಳು. ಅಲ್ಲೂ ಜಮಖಾನ, ಅಲ್ಲೂ ಮಲ್ಲಿಗೆ, ಅಲ್ಲೂ ಅವಲಕ್ಕಿ. ಅಜ್ಜಿ, ನಮ್ಮ ಹುಡುಗಿಯ ದನಿ ಮನೆಯವರೇ ಕೇಳಿಲ್ಲ ಎಂದು ಹೊಗಳಿದಳು. ಹುಡುಗಿಯ ಕಣ್ಣು ಮಾತ್ರ ಬಲು ಚುರುಕು.

ಬೇಗಂ ಸಾಹೇಬರು ಅಂಗಳದಿಂದ ಕಾಣುವ ಗುಡ್ಡಕ್ಕೆ ಬೆರಳು ಮಾಡಿ, ಅಲ್ಲಿರುವ ಶಾಸನದ ಕಲ್ಲು ಬರೆಸಿದವರು ಬಿಜಾಪುರದ ಸುಲ್ತಾನರಲ್ಲವೇ ಎಂದು ಕೇಳಿದರು. ಮತ್ತೆ ಶುರುವಾಯಿತು. ಹುಸೇನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು, ಏನೂ ಹೇಳಲಿಲ್ಲ. ಹೊರಡುವಾಗ ನನ್ನ ಪಕ್ಕ ಬಂದು ಪಿಸುಗುಟ್ಟಿದಳು:

“ಅದು ಅಶೋಕ ರಾಜಾಂದು ರೀ. ಅವರಿಗೆ ಗೊತ್ತಿಲ್ಲೇನ್ರಿ?”

ಬಂಡಿಯಲ್ಲಿ ಕುಳಿತ ಮೇಲೆ ನನಗೆ ಸಹಿಸಲಾಗಲಿಲ್ಲ. ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಕೊನೆಗೆ, ಎದೆ ಗಟ್ಟಿ ಮಾಡಿ, ತಪ್ಪು ತಿಳಿಯಬೇಡಿರಿ, ಆ ಕಲ್ಲು ಅಶೋಕನದು, ನದಿಗಳ ದಿಕ್ಕೂ ಅವತ್ತು ತಿರುಗಾಮುರುಗಾ ಆಗಿತ್ತು ಎಂದು ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು.

“ಬಂತು ನೋಡ್ರಿ ಬಾಯಾಗ. ಎರಡು ಮನಿ ತಿರಗಬೇಕಾತು ನಿಮಗ.”

ಬೇಕೆಂದೇ ತಪ್ಪು ಹೇಳುತ್ತಾರಂತೆ. ಪ್ರತಿ ಮನೆಯಲ್ಲೂ, ಹುಡುಗಿಗೆ ಖಂಡಿತ ಗೊತ್ತಿರುವ ಒಂದು ವಿಷಯವನ್ನು. ಪುಸ್ತಕದ್ದನ್ನು ಸರಕಾರಿ ಪರೀಕ್ಷೆ ಕೇಳಿಯಾಗಿದೆ, ಮತ್ತೆ ನಾನು ಯಾಕೆ ಕೇಳಲಿ ಎಂದರು. ಕಾಲೇಜಿನಲ್ಲಿ ದೊಡ್ಡ ದೊಡ್ಡವರು ಬಂದು ದೊಡ್ಡ ದೊಡ್ಡ ತಪ್ಪು ಹೇಳುತ್ತಾರಂತೆ; ಅಲ್ಲಿ ‘ಹೌದ್ರಿ’ ಎಂದು ಬರೆದುಕೊಳ್ಳುವವಳು ಎಷ್ಟು ಓದಿದರೂ ಬಂದ ಹಾಗೆಯೇ ಮನೆಗೆ ಹೋಗುತ್ತಾಳಂತೆ. ಹುಸೇನಮ್ಮ ನನಗಾದರೂ ಹೇಳಿದಳಲ್ಲ ಎಂದೆ. ಹೇಳಬೇಕಾದವರನ್ನು ಬಿಟ್ಟು ಪಕ್ಕದವರಿಗೆ ಹೇಳುವುದೂ ಒಂದು ಜಾಣತನ, ಆದರೆ ನಾನು ಹುಡುಕುವುದು ಅದಲ್ಲ ಎಂದರು.

ಎಂಥಾ ಹೆಂಗಸು! ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಆಮೇಲೆ ಯಂಕಮ್ಮನ ‘ಹೌದ್ರಿ’ ನೆನಪಾಯಿತು. ಮುದಗಲ್ಲಿನ ಮದುವೆಯ ಮುಹೂರ್ತಕ್ಕೆ ಇನ್ನೆಷ್ಟು ದಿನ ಉಳಿದಿದೆ?

ಅಮರ್ದಾದ್ ೭
ಸಿಂಧನೂರು

ಸೆಖೆ. ಬರೆಯಲು ಮನಸ್ಸಿಲ್ಲ. ಯಂಕಮ್ಮನಿಗೆ ಮೊದಲೇ ಹೇಳಿಕೊಡಬಹುದಿತ್ತು ಎನ್ನುವ ಕೆಟ್ಟ ಯೋಚನೆ ಬಂತು. ಹೇಳಿಕೊಟ್ಟರೆ ಅದು ಪರೀಕ್ಷೆಯೇ ಅಲ್ಲ, ಅದೂ ಗೊತ್ತು.

ಅಮರ್ದಾದ್ ೮
ಮುಕ್ಕುಂದ

ಇವತ್ತಿನದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಗೊರೇಬಾಳದ ಮೇಲೆ ಹಾದು ಹೊಳೆಯ ದಂಡೆಗೆ ಬಂದೆವು. ಮೂರನೆಯ ಹುಡುಗಿ ಆದಮ್ಮ. ಒಕ್ಕಲುತನದ ಆದಪ್ಪನ ಮಗಳು. ಸಿಂಧನೂರಲ್ಲಿ ಸೋದರಮಾವ ದುರುಗಪ್ಪನ ಮನೆಯಲ್ಲಿ ಇದ್ದು ಓದಿದವಳು. ಅಂಕ ಯಂಕಮ್ಮನಿಗಿಂತ ಕಡಿಮೆ, ಉರ್ದುವಿನಲ್ಲಂತೂ ತೀರಾ ಕಡಿಮೆ. ಸೀಟು ಸಿಗದಿದ್ದರೆ ಇಲ್ಲೂ ಓದು ಮುಗಿಯಿತು. ಹೊಲದ ಕೆಲಸ, ಆಮೇಲೆ ಮದುವೆ.

ಜಮಖಾನ ಇರಲಿಲ್ಲ, ಕಂಬಳಿ ಇತ್ತು. ಹುಡುಗಿಯನ್ನು ತಂದು ಕೂರಿಸಿದರು. ಬೆಳ್ಳಗೆ, ತೆಳ್ಳಗೆ, ಕತ್ತು ಬಗ್ಗಿಸಿದ್ದು ಎತ್ತಲಿಲ್ಲ. ತಾಯಿ ಜೋಗಮ್ಮ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದಳು. ಉಳಿದ ಮನೆಯವರು ಹೇಳಿದ್ದನ್ನೇ ಹೇಳಿದಳು: ಮಗಳು ಬಲು ಮೆತ್ತಗೆ, ಎದುರಾಡುವುದೇ ಗೊತ್ತಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಇವಳೂ ‘ಹೌದ್ರಿ’ ಅಂದರೆ ಮೂವರೂ ಒಂದೇ, ಆಗ ಅಂಕವೇ ಗಟ್ಟಿ, ಯಂಕಮ್ಮ ಗೆದ್ದಂತೆ.

ಬೇಗಂ ಸಾಹೇಬರು ಮಜ್ಜಿಗೆ ಕುಡಿದು, ನಿಮ್ಮ ಈ ಹೊಳೆ ಮುಂದೆ ಹೋಗಿ ಗೋದಾವರಿಗೆ ಸೇರುತ್ತದೆ ಅಲ್ಲವೇ ಎಂದರು.

“ಹೌದ್ರಿ,” ಎಂದಳು ಹುಡುಗಿ.

“ಅಲ್ರಿ, ಕೃಷ್ಣಾಕ್ಕ ಸೇರತೈತ್ರಿ,” ಎಂದಿತು ಬಾಗಿಲ ಹಿಂದಿನಿಂದ ಒಂದು ದನಿ.

ಜೋಗಮ್ಮ ಬೆನ್ನಿನಿಂದ ಬಾಗಿಲನ್ನು ಇನ್ನಷ್ಟು ಒತ್ತಿದಳು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಆದಪ್ಪ ಕೆಮ್ಮಿದರು. ಬೇಗಂ ಸಾಹೇಬರು ಅತ್ತ ತಿರುಗಿಯೂ ನೋಡಲಿಲ್ಲ. ಕೂತ ಹುಡುಗಿಯ ಮುಖವನ್ನೇ ನೋಡುತ್ತ, ಏನೂ ಆಗಿಲ್ಲ ಎನ್ನುವಂತೆ, ಹಾಗಾದರೆ ಹೈದರಾಬಾದಿನ ನಡುವೆ ಹರಿಯುವುದು ಇದೇ ಹೊಳೆಯಿರಬೇಕು ಎಂದರು. ಹುಡುಗಿ ಹೌದ್ರಿ ಎಂದಳು. ಒಳಗಿನ ದನಿ ಅದು ಮೂಸಿ ಎಂದಿತು. ಬೇಗಂ ಸಾಹೇಬರು ಇನ್ನೊಂದು ಹೇಳಿದರು, ದನಿ ಅದನ್ನೂ ತಿದ್ದಿತು. ಮತ್ತೊಂದು, ಮತ್ತೊಂದು. ಒಬ್ಬರು ಇಲ್ಲಿ ಕುಳಿತು ಸರಾಗ ಸುಳ್ಳು ಹೇಳುವುದು, ಇನ್ನೊಬ್ಬಳು ಬಾಗಿಲ ಹಿಂದೆ ತಡೆಯಲಾರದೆ ತಿದ್ದುವುದು, ನಡುವೆ ಕೂತವಳು ಎಲ್ಲಕ್ಕೂ ಹೌದ್ರಿ ಅನ್ನುವುದು. ನಾನು ಸೆರಗು ಕಚ್ಚಿಕೊಂಡು ನಗು ತಡೆದೆ. ನಾನು ಕಂಡ ಪರೀಕ್ಷೆಗಳಲ್ಲೆಲ್ಲ ಇಂಥದೊಂದು ಇರಲಿಲ್ಲ.

ಕಡೆಗೆ ಜೋಗಮ್ಮ ಅಳುತ್ತ ಕುಸಿದು ಕೂತಳು. ಕೂರಿಸಿದ್ದು ಆದಮ್ಮನನ್ನಲ್ಲ, ಆದಪ್ಪನ ತಮ್ಮನ ಮಗಳನ್ನು.

“ನಮ್ಮಾಕಿ ಬಾಯಿ ಜೋರ್ರಿ. ಆಕಿನ್ನ ಕುಂದ್ರಿಸಿದ್ರ ನಿಮಗ ಏನಾರ ಅಂದುಬಿಡ್ತಾಳ, ನೀವು ಎದ್ದು ಹೋಗ್ತೀರಿ ಅಂತ ಇಕಿನ್ನ ಕುಂದ್ರಿಸಿದ್ವಿ. ಸೀಟು ಸಿಕ್ಕ ಮ್ಯಾಲ ಆಕಿನ್ನ ಕಳಸೋದಿತ್ತು.”

ಅಕ್ಕನ ಬದಲು ಚೆಂದದ ತಂಗಿಯನ್ನು ತೋರಿಸಿ ಮದುವೆ ಮಾಡಿದವರ ಕತೆ ಕೇಳಿದ್ದೇನೆ. ಕಾಲೇಜಿನ ಸೀಟಿಗೂ ಅದನ್ನೇ ಮಾಡುತ್ತಾರೆಂದು ಯಾರಿಗೆ ಗೊತ್ತಿತ್ತು!

ಆದಮ್ಮ ಹೊರಗೆ ಬಂದಳು. ಕಪ್ಪಗೆ, ಕೈಗೆಲ್ಲ ಬೂದಿ, ಮೈತುಂಬ ಹಳೆಯ ಸೀರೆ. ಹೆದರಿದ್ದಳು, ಆದರೆ ಕತ್ತು ಬಗ್ಗಿಸಿರಲಿಲ್ಲ. ಬೇಗಂ ಸಾಹೇಬರು ಆಗ ನಿಜವಾದ ಒಂದು ಪ್ರಶ್ನೆ ಕೇಳಿದರು: ಮೂಸಿ ಹೊಳೆ ಎಲ್ಲಿ ಹುಟ್ಟುತ್ತದೆ? ಅವಳು ಯೋಚಿಸಿದಳು.

“ಅದು ನನಗ ಗೊತ್ತಿಲ್ರಿ. ಗೊತ್ತಿದ್ರ ಹೇಳ್ತಿದ್ದೆ.”

ಬೇಗಂ ಸಾಹೇಬರು ಜೋಗಮ್ಮನ ಕೈ ಹಿಡಿದು ಎಬ್ಬಿಸಿ, ಮಗಳ ಬಾಯಿಗೆ ನಾಳೆಯಿಂದ ಅಡ್ಡ ನಿಲ್ಲಬೇಡ ಎಂದಷ್ಟೇ ಹೇಳಿದರು. ಸೀಟಿನ ಮಾತೇ ಎತ್ತಲಿಲ್ಲ. ಅವರ ಮನಸ್ಸು ಎತ್ತ ಹೋಗಿದೆ ಎಂದು ಕುರುಡರಿಗೂ ಕಾಣುತ್ತದೆ.

ಅಮರ್ದಾದ್ ೧೦
ಸಿಂಧನೂರು

ಬೆಳಿಗ್ಗೆ ನಾವು ಇಳಿದುಕೊಂಡಿದ್ದ ಮುಸಾಫಿರಖಾನೆಯ ಜಗಲಿಯಲ್ಲಿ ತೀರ್ಮಾನ ಮಾಡಿದೆವು. ಹುಸೇನಮ್ಮನನ್ನು ಇಬ್ಬರೂ ಬಿಟ್ಟೆವು. ಅವಳು ಮಸ್ಕಿಯಲ್ಲೇ ತಂದೆಯ ಹತ್ತಿರ ಉರ್ದು ಓದುತ್ತಾಳೆ, ಎರಡು ವರ್ಷ ಬಿಟ್ಟು ಬಂದರೂ ವಯಸ್ಸು ಮೀರುವುದಿಲ್ಲ. ಉಳಿದವರು ಇಬ್ಬರು.

ನಾನು ಯುದ್ಧಕ್ಕೆ ಹೊರಟವಳಂತೆ ಹೋಗಿದ್ದೆ. ಮೋಸ ಮಾಡಿದ ಮನೆಗೆ ಸೀಟು ಕೊಡಬಾರದು ಎಂದು ಮೊದಲೇ ಹೇಳಿದೆ. ಮೋಸ ಮಾಡಿದ್ದು ಮನೆ, ಅದನ್ನು ಬಯಲು ಮಾಡಿದ್ದು ಹುಡುಗಿ ಎಂದರು. ಅಂಕ ಎಂದೆ. ನೋಡಿದ್ದೇನೆ ಎಂದರು. ಆಮೇಲೆ, ತಮ್ಮ ಪದ್ಧತಿ ಹೇಳಿದರು. ಯಾರಿಗೆ ಯಾರು ಬೇಕೋ ಅವರ ಪರ ಅವರು ಮಾತಾಡುವ ಹಾಗಿಲ್ಲ. ಯಂಕಮ್ಮ ನನ್ನವಳು, ಆದ್ದರಿಂದ ನಾನು ಆದಮ್ಮನ ಪರ ವಾದಿಸಬೇಕು, ಅವರು ಯಂಕಮ್ಮನ ಪರ. ನಾಟಕಕ್ಕಲ್ಲ, ನಿಜವಾಗಿ, ಎದುರಿನವರ ಮನಸ್ಸು ತಿರುಗುವ ಹಾಗೆ. ಕೊನೆಗೆ ಇಬ್ಬರೂ ಒಂದೊಂದು ಹೆಸರು ಹೇಳುವುದು.

ಇದೆಂಥ ಹುಚ್ಚಾಟ ಎಂದುಕೊಂಡೇ ಶುರು ಮಾಡಿದೆ. ಕಾಟಾಚಾರಕ್ಕೆ ಎರಡು ಮಾತು ಹೇಳಿದೆ. ಅವರು ಅಷ್ಟೇನಾ ಎಂದರು. ನನಗೆ ರೇಗಿತು. ಆ ಹುಡುಗಿಗೆ ಕಲಿಸಿದವರು ಯಾರು, ವರ್ಷಕ್ಕೊಬ್ಬ ಉಸ್ತಾನಿ ಬದಲಾದ ಸಾಲಿ ಅದು. ತಿದ್ದುವ ಧೈರ್ಯ ಅವಳಿಗೆ ಯಾರೂ ಕೊಟ್ಟಿಲ್ಲ, ಎಲ್ಲರೂ ಕಿತ್ತುಕೊಳ್ಳಲೇ ನೋಡಿದ್ದಾರೆ, ಆದರೂ ಅದು ಉಳಿದಿದೆ ಎಂದೆ. ಗೊತ್ತಿದ್ದದ್ದನ್ನು ಗೊತ್ತು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವಳು. ಇಲ್ಲೇ ಬಿಟ್ಟರೆ ಹೆತ್ತ ತಾಯಿಯೇ ಮತ್ತೆ ಬಾಗಿಲ ಹಿಂದೆ ನಿಲ್ಲಿಸುತ್ತಾಳೆ ಎಂದೆ. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಜಂಗ್ಲಿಸಾಬ್ ಎತ್ತಿಗೆ ನೀರು ಕುಡಿಸುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದ.

ಆಮೇಲೆ ಅವರು ಯಂಕಮ್ಮನ ಪರ ಮಾತಾಡಿದರು. ನಾಲ್ಕು ವರ್ಷ ಕಲಿಸಿದ ನಾನು ಕಾಣದ್ದನ್ನು ಒಂದು ಗಳಿಗೆಯಲ್ಲಿ ಕಂಡಿದ್ದರು. ಸೋದರತ್ತೆ ತೋರಿಸಿದ ಕುಪ್ಪಸದ ಹೊಲಿಗೆ ಅವಳದಲ್ಲವಂತೆ. ತೋಳಿನ ಅಳತೆ ಅವಳ ಕಣ್ಣಿಗೆ ತಪ್ಪಾಗಿ ಕಂಡು, ಕೂತಲ್ಲೇ ಬೆರಳಿನಿಂದ ಮಡಚಿ ಸರಿ ಮಾಡಿ ನೋಡುತ್ತಿದ್ದಳಂತೆ. ಹಾಡು ಎಂದಾಗ ಹಾಡಲಿಲ್ಲ, ಸುಮ್ಮನೆ ನಕ್ಕು ತಪ್ಪಿಸಿದಳಂತೆ. ಒಲ್ಲೆ ಅನ್ನಲು ಬರುವ ಹುಡುಗಿ, ಬಾಯಿಂದ ಅಲ್ಲ ಅಷ್ಟೆ ಎಂದರು. ಕಡೆಯ ಮಾತು ಇದು:

“ನಾ ತಪ್ಪು ಹೇಳಿದಾಗ ಆಕಿ ಬಾಯಿ ತೆರೆದಿದ್ಲು, ಪಾರ್ವತೆಮ್ಮಾರ. ಮೊದಲ ನಿಮ್ಮ ಮುಖಾ ನೋಡಿದ್ಲು. ನೀವು ತಲಿ ಆಡಿಸಿದ್ರಿ. ಬಾಯಿ ಮುಚ್ಚಿದ್ಲು.”

ಹೆಸರು ಹೇಳುವ ಹೊತ್ತು. ಇಬ್ಬರೂ ಒಟ್ಟಿಗೆ ಹೇಳಿದೆವು. ನಾನು ಆದಮ್ಮ ಎಂದೆ. ಅವರು ಯಂಕಮ್ಮ ಎಂದರು.

ಇಬ್ಬರಿಗೂ ನಗು ಬಂತು. ನನಗೆ ನಗುವಿನ ಹಿಂದೆಯೇ ಅಳು ಬಂತು. ನಿಧಿಯ ನಿಯಮದಲ್ಲಿ ಅದಕ್ಕೂ ದಾರಿ ಇದೆ. ಬೇಗಂ ಸಾಹೇಬರು ಹೇಳಿದರು:

“ನಾ ಹೋಗಾಕಿ, ನೀವು ಇರಾಕಿ. ಹೆಸರು ಬ್ಯಾರೆ ಬಂದ್ರ ಇರೋರ ಮಾತು ನಡೀತೈತಿ. ಬೇಕಂದ್ರ ಬದಲು ಮಾಡ್ರಿ. ನಾ ಏನೂ ಅನ್ನಂಗಿಲ್ಲ.”

ಒಂದು ಮಾತು ಬದಲಿಸಿದ್ದರೆ ಸಾಕಿತ್ತು. ಅವರೂ ಅದನ್ನೇ ಬಯಸುತ್ತಿದ್ದರು. ನಾನು ಇಲ್ಲ ಎಂದೆ. ಆದಮ್ಮನೇ ಎಂದೆ. ಯಾಕೆ ಎಂದು ಈಗ ಬರೆಯಲು ಕೂತರೆ ಅಲ್ಲಿ ಹೇಳಿದ್ದಕ್ಕಿಂತ ಹೆಚ್ಚೇನೂ ತೋಚುವುದಿಲ್ಲ. ಅವಳಿಗೇ ಸಲ್ಲಬೇಕಾದದ್ದು.

ಬೇಗಂ ಸಾಹೇಬರು ಒಪ್ಪಿ ರುಜು ಹಾಕಿದರು. ಇಷ್ಟು ವರ್ಷದಲ್ಲಿ ಇಂಥ ಒಬ್ಬರನ್ನು ನಾನು ಕಂಡಿರಲಿಲ್ಲ. ತಮ್ಮ ಮಾತು ಸೋತರೂ ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ. ನನಗೆ ಚಹಾ ಮಾಡಿಸಿ ಕೊಟ್ಟರು.

ಅಮರ್ದಾದ್ ೧೨

ದಾರಿಯುದ್ದಕ್ಕೂ ಮಳೆ. ಯಂಕಮ್ಮನಿಗೆ ಏನು ಹೇಳಲಿ?

ಅಮರ್ದಾದ್ ೧೩
ಲಿಂಗಸುಗೂರು

ಬೇಗಂ ಸಾಹೇಬರು ಹತ್ತಬೇಕಾದ ಮೋಟಾರು ಬಸ್ಸು ಬೆಳಿಗ್ಗೆ ಇತ್ತು. ಅದಕ್ಕೂ ಮೊದಲೇ ಯಂಕಮ್ಮ ಸಾಲಿಗೆ ಬಂದು ಬಾಗಿಲಲ್ಲಿ ನಿಂತಿದ್ದಳು. ಕೂರಿಸಿ, ಎಲ್ಲ ಹೇಳಿದೆ. ಸೀಟು ಮುಕ್ಕುಂದದ ಹುಡುಗಿಗೆ ಹೋಯಿತು, ಆರಿಸಿದವಳು ನಾನೇ, ಬೇಗಂ ಸಾಹೇಬರು ಬೇಕೆಂದೇ ತಪ್ಪು ಹೇಳಿದ್ದರು, ಅವಳು ತಿದ್ದಿದಳು, ನೀನು ತಿದ್ದಲಿಲ್ಲ ಎಂದೆ. ಅವಳು ಅಳುತ್ತಾಳೆ, ಸಮಾಧಾನ ಮಾಡಬೇಕು ಎಂದು ಸೆರಗು ಕೈಯಲ್ಲಿ ಹಿಡಿದೇ ಕೂತಿದ್ದೆ.

ಅವಳು ಅಳಲಿಲ್ಲ. ಎದ್ದು ನಿಂತಳು.

“ನನಗ ಗೊತ್ತಿತ್ರಿ. ನೀವ ಕಲಿಸೀರಿ. ಹೇಳಬೇಕಂತ ನಿಮ್ಮ ಮುಖಾ ನೋಡಿದೆ, ನೀವು ತಲಿ ಆಡಸಾಕತ್ತಿದ್ರಿ. ದೊಡ್ಡವರ ಮುಂದ ಸುಮ್ಮನಿರು ಅಂತ ನಾಕು ವರ್ಷ ಕಲಿಸಿದ್ರಿ. ನಾ ಚೆಂದಾಗಿ ಕಲಿತೆ. ಅದಕ್ಕ ನನ್ನ ಬಿಟ್ರಿ. ಇದು ತಪ್ಪು ರೀ.”

‘ಬಾಯಿ ಮುಚ್ಚು’ ಎನ್ನುವ ಮಾತು ಹಲ್ಲಿನ ತನಕ ಬಂದದ್ದು ನಿಜ. ಹೊರಗೆ ಮೋಟಾರಿನ ಸದ್ದು ಕೇಳಿತು. ಅವಳ ರಟ್ಟೆ ಹಿಡಿದು, ನಡಿ, ಇದನ್ನು ಅವರ ಮುಂದೆ ಹೇಳು ಎಂದು ಎಳೆದುಕೊಂಡೇ ಹೋದೆ. ಕೆಸರಿನಲ್ಲಿ ನನ್ನ ಒಂದು ಚಪ್ಪಲಿ ಎಲ್ಲೋ ಉಳಿಯಿತು.

ಬೇಗಂ ಸಾಹೇಬರು ಮೋಟಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಜಂಗ್ಲಿಸಾಬ್ ಅವರ ಟ್ರಂಕನ್ನು ಮೇಲೆ ಏರಿಸುತ್ತಿದ್ದ. ಎದುರಿಗೇ ಬಸ್ಸಪ್ಪನವರ ಅಂಗಡಿ. ಯಾರಿಗೋ ಧೋತರ ಅಳೆಯುತ್ತಿದ್ದವರು ಮಗಳನ್ನು ನೋಡಿ ಹಾಗೇ ನಿಂತರು. ಯಂಕಮ್ಮ ಕಿಟಕಿಯ ಕೆಳಗೆ ನಿಂತು, ನನಗೆ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದಳು. ನಡುವೆ ಎಲ್ಲೂ ನಿಲ್ಲಲಿಲ್ಲ. ಬೇಗಂ ಸಾಹೇಬರು ಅಷ್ಟು ಜನ ಗಂಡಸರ ಎದುರಿಗೇ ಮುಖದ ಪರದೆ ಎತ್ತಿದರು.

“ಸೀಟು ಆದಮ್ಮಂದು. ಕೊಟ್ಟದ್ದು ತಿರುಗಿ ತಗೊಳ್ಳಾಕ ಬರಂಗಿಲ್ಲಬೇ.”

“ಸೀಟು ಕೇಳಾಕ ಬಂದಿಲ್ರಿ. ಆಕಿದು ಆಕಿಗಿರಲಿ. ನಿಮ್ಮ ಪರೀಕ್ಷಾ ತಪ್ಪೈತಿ, ಅದನ್ನ ಹೇಳಾಕ ಬಂದೀನಿ.”

ಬೇಗಂ ಸಾಹೇಬರು ಬಾಗಿಲು ತೆಗೆದು ಕೆಳಗಿಳಿದರು. ಜಂಗ್ಲಿಸಾಬನಿಗೆ ಟ್ರಂಕು ಇಳಿಸಲು ಹೇಳಿದರು. ಮೋಟಾರು ಅವರನ್ನು ಬಿಟ್ಟು ಹೋಯಿತು. ಅವರು ಬಸ್ಸಪ್ಪನವರ ಅಂಗಡಿ ಕಟ್ಟೆಯ ಮೇಲೆ ಕೂತು, ಯಂಕಮ್ಮನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಏನೇನು ತಪ್ಪು ಎಲ್ಲ ಹೇಳು, ನಾನು ಕೇಳುತ್ತೇನೆ ಎಂದರು. ಅವಳು ಹೇಳಿದಳು. ಅವರು ಒಂದು ಕಡೆ ತಡೆದು ವಾದಿಸಿದರು, ಅವಳು ತಿರುಗಿ ವಾದಿಸಿದಳು. ಎರಡು ಕಡೆ ಅವರು ‘ಹೌದಬೇ, ಖರೇ’ ಎಂದರು. ಕಾಲೇಜಿನಲ್ಲಿ ಕಲಿಸುವ ಹೆಂಗಸು, ಹದಿನಾಲ್ಕರ ಹುಡುಗಿಗೆ, ಸಂತೆಯಂಥ ಬೀದಿಯಲ್ಲಿ! ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು.

ಧೋತರ ಕೊಳ್ಳಲು ಬಂದವನು ಕಾದು ಕಾದು ಹೋದ. ಬಸ್ಸಪ್ಪ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು:

“ಇಕಿ ಯಾವಾಗಿಂದ ಹಿಂಗ ಮಾತಾಡ್ತಾಳ್ರಿ, ಅಕ್ಕಾರ?”

“ಇವತ್ತು ಮುಂಜಾನಿಂದ್ರಿ,” ಎಂದೆ.

ಬೇಗಂ ಸಾಹೇಬರು ಅವರ ಕಡೆ ತಿರುಗಿದರು. ಎಷ್ಟೋ ವರ್ಷದಿಂದ ಹುಡುಗಿಯರನ್ನು ಆರಿಸುತ್ತಿದ್ದೇನೆ, ನಿಮ್ಮ ಪರೀಕ್ಷೆಯೇ ತಪ್ಪು ಎಂದವಳು ಇವಳೊಬ್ಬಳು. ಬರುವ ವರ್ಷ ಮತ್ತೆ ಬರುತ್ತೇನೆ, ಅಲ್ಲಿಯ ತನಕ ಇವಳನ್ನು ಯಾರಿಗೂ ಕೊಡಬೇಡಿರಿ ಎಂದರು. ಸೀಟು ಕೊಡುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಬಸ್ಸಪ್ಪ ಧೋತರ ಮಡಚಿಟ್ಟರು.

ಅಮರ್ದಾದ್ ೨೪

ಬಸ್ಸಪ್ಪ ಇವತ್ತು ಸಾಲಿಯ ತನಕ ಬಂದಿದ್ದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದರು. ಮುದಗಲ್ಲಿನವರಿಗೆ ಈ ವರ್ಷ ಆಗುವುದಿಲ್ಲ ಎಂದು ತಿಳಿಸಿದ್ದಾರೆ. ಅವರು ಬೇರೆ ಕಡೆ ಹೆಣ್ಣು ನೋಡಿಕೊಂಡಿದ್ದಾರೆ. ಮನೆಯಲ್ಲಿ ಸೋದರತ್ತೆ ಮಾತು ಬಿಟ್ಟಿದ್ದಾಳಂತೆ. ಆ ಬೇಗಂ ಬರುವ ವರ್ಷ ನಿಜವಾಗಿ ಬರುತ್ತಾರೇನು ಎಂದು ಮೂರು ಸಲ ಕೇಳಿದರು. ಅವರು ಬರದಿದ್ದರೆ ನಾನೇ ಯಂಕಮ್ಮನನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿ ಅವರ ಬಾಗಿಲು ಬಡಿಯುತ್ತೇನೆ ಎಂದೆ. ರಾಯಚೂರಿನ ಆಚೆ ನಾನು ಕಾಲಿಟ್ಟಿಲ್ಲ, ಅದು ಆಮೇಲೆ ನೆನಪಾಯಿತು.

ರಾಜೇಸಾಬ್ ಮಾಸ್ತರರು ನಮ್ಮ ಹುಡುಗಿಯರ ಗದ್ದಲ ಜಾಸ್ತಿ, ತಮ್ಮ ಹುಡುಗರಿಗೆ ಪಾಠ ಕೇಳುವುದಿಲ್ಲ ಎಂದು ದೂರಿದರು. ನಿಮ್ಮ ಕಿಟಕಿ ಮುಚ್ಚಿಕೊಳ್ಳಿರಿ ಎಂದೆ. ಈ ಮನುಷ್ಯರಿಗೆ ಏನಾಗಿದೆಯೋ, ಸಣ್ಣದಕ್ಕೂ ದೂರು.

ಹೊರಡುವ ಮುಂದೆ ಬೇಗಂ ಸಾಹೇಬರು ಒಂದು ಕೆಲಸ ಹಚ್ಚಿ ಹೋಗಿದ್ದಾರೆ: ಬರುವ ವರ್ಷದ ಪರೀಕ್ಷೆ ನಾನೇ ಯೋಚಿಸಿಡಬೇಕು. ಹತ್ತು ದಿನ ತಲೆ ಕೆರೆದುಕೊಂಡರೂ ಏನೂ ಹೊಳೆದಿರಲಿಲ್ಲ. ಸಂಜೆ ಯಂಕಮ್ಮ ಮೆಟ್ರಿಕ್ ಪಾಠಕ್ಕೆ ಬಂದಾಗ ಅವಳನ್ನೇ ಕೇಳಿದೆ. ಅವಳಿಗೆ ಯೋಚಿಸುವುದೇ ಬೇಕಾಗಲಿಲ್ಲ.

“ಬೇಗಂ ಸಾಹೇಬ್ರು ಮಾಡಿದ್ದನ್ನೇ ಮಾಡ್ರಿ. ಆದ್ರ ಮೊದಲ ಹುಡುಗ್ಯಾರಿಗೆ ಹೇಳ್ರಿ, ತಪ್ಪು ಕಂಡ್ರ ತಪ್ಪು ಅನ್ನಬಹುದು ಅಂತ. ನಮಗ ಯಾರೂ ಹೇಳಿರಲಿಲ್ಲಲ್ರಿ.”